ಸೂಕ್ಷ್ಮಗುರುತ್ವದಲ್ಲಿ ಹೀಟ್ ಪೈಪ್ ಪರೀಕ್ಷೆ: ಮೇಜಿನಿಂದ ಕಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ಕಾಲೇಜಿನ ಪ್ರಾಜೆಕ್ಟ್ ತಂಡವಿರಲಿ, ಹೊಸದಾಗಿ ಉಪಗ್ರಹ ಕಟ್ಟಲು ಹೊರಟ ಸ್ಟಾರ್ಟಪ್ ಇರಲಿ, ಮೊದಲು ಕೇಳುವುದು ಒಂದೇ ಪ್ರಶ್ನೆ: "ನಮ್ಮ ಹೀಟ್ ಪೈಪನ್ನು ಝೀರೋ ಗ್ರಾವಿಟಿಯಲ್ಲಿ ಟೆಸ್ಟ್ ಮಾಡಬೇಕು, ಎಲ್ಲಿ ಮಾಡಿಸೋದು?" ಎಲ್ಲಿ ಎನ್ನುವುದು ಕೊನೆಗೆ ಬರಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಎರಡು ಉತ್ತರ ಕೈಯಲ್ಲಿರಬೇಕು. ನಿಮ್ಮ ಸಾಧನದ ಕೆಲಸದಲ್ಲಿ ಗುರುತ್ವಕ್ಕೆ ನಿಜಕ್ಕೂ ಪಾಲಿದೆಯೇ? ಇದ್ದರೆ, ಗುರುತ್ವ ಇಲ್ಲವಾದ ಮೇಲೆ ಆಗುವ ಬದಲಾವಣೆ ಅಳತೆಗೆ ಸಿಗಲು ಎಷ್ಟು ಸೆಕೆಂಡು ಹಿಡಿಯುತ್ತದೆ? ಈ ಎರಡನ್ನೂ ಕಾಗದದ ಮೇಲೆ ಲೆಕ್ಕ ಹಾಕದೆ ವಿಮಾನ, ರಾಕೆಟ್ ಎಂದು ಓಡಾಡಿದರೆ ದುಡ್ಡು ಖರ್ಚಾಗುತ್ತದೆ, ಗ್ರಾಫ್ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಹೀಟ್ ಪೈಪ್ ಗೊತ್ತಿಲ್ಲದವರಿಗೆ ಎರಡು ಮಾತು. ಗಾಳಿ ತೆಗೆದು, ಸ್ವಲ್ಪ ದ್ರವ ತುಂಬಿ, ಎರಡೂ ಕಡೆ ಮುಚ್ಚಿದ ಲೋಹದ ಕೊಳವೆ. ಬಿಸಿ ತುದಿಯಲ್ಲಿ ದ್ರವ ಆವಿಯಾಗುತ್ತದೆ, ಆವಿ ತಂಪು ತುದಿಗೆ ಹೋಗಿ ಮತ್ತೆ ದ್ರವವಾಗುತ್ತದೆ. ಆ ದ್ರವವನ್ನು ಒಳಗೋಡೆಯ ವಿಕ್, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ, ಬಿಸಿ ತುದಿಗೆ ವಾಪಸ್ ಎಳೆಯುತ್ತದೆ. ಪಂಪ್ ಇಲ್ಲ, ಕರೆಂಟ್ ಬೇಡ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇದಕ್ಕೆ ಹೀಟ್ ಪೈಪ್ ಎಂದು ಹೆಸರಿಟ್ಟರು. ನಾಲ್ಕೇ ವರ್ಷದಲ್ಲಿ, 1967ರಲ್ಲಿ, ಅದೇ ಪ್ರಯೋಗಾಲಯದ ನೀರು ತುಂಬಿದ ಹೀಟ್ ಪೈಪ್ ಒಂದು ಅಟ್ಲಾಸ್-ಅಜೀನಾ ರಾಕೆಟ್ ಏರಿ ಕಕ್ಷೆಯಲ್ಲಿ ಕೆಲಸ ಮಾಡಿ ತೋರಿಸಿತು.

1. ಗುರುತ್ವದ ಪಾಲು ಎಷ್ಟೆಂದು ಮೊದಲು ಲೆಕ್ಕ ಹಾಕಿ

ವಿಕ್ ದ್ರವವನ್ನು ಎಳೆಯುವ ಗರಿಷ್ಠ ಒತ್ತಡವೆಂದರೆ ಮೇಲ್ಮೈ ಎಳೆತದ ಎರಡು ಪಟ್ಟನ್ನು ರಂಧ್ರದ ಪರಿಣಾಮಕಾರಿ ತ್ರಿಜ್ಯದಿಂದ ಭಾಗಿಸಿದಾಗ ಬರುವ ಸಂಖ್ಯೆ. ಅದನ್ನು ದ್ರವದ ಸಾಂದ್ರತೆ ಮತ್ತು 9.81ರ ಗುಣಲಬ್ಧದಿಂದ ಭಾಗಿಸಿದರೆ, ಗುರುತ್ವದ ವಿರುದ್ಧ ಆ ವಿಕ್ ದ್ರವವನ್ನು ಎಷ್ಟು ಎತ್ತರಕ್ಕೆ ಏರಿಸಬಲ್ಲದು ಎಂದು ತಿಳಿಯುತ್ತದೆ. ಎರಡು ಉದಾಹರಣೆ ನೋಡಿ.

ಒಂದು ಇಂಚಿಗೆ 200 ಕಣ್ಣುಗಳಿರುವ ಜಾಲರಿಯನ್ನು ವಿಕ್ ಆಗಿ ಹಾಕಿದ ತಾಮ್ರದ ಪೈಪ್, ಒಳಗೆ 60 ಡಿಗ್ರಿ ಸೆಲ್ಸಿಯಸ್ ನೀರು. ಪರಿಣಾಮಕಾರಿ ತ್ರಿಜ್ಯ ಸುಮಾರು 63 ಮೈಕ್ರಾನ್, ಎಳೆತದ ಒತ್ತಡ ಸುಮಾರು 2,080 ಪಾಸ್ಕಲ್, ಎತ್ತರ 21 ಸೆಂ.ಮೀ. ಆಸುಪಾಸು. ಈ ಪೈಪ್ 15 ಸೆಂ.ಮೀ. ಉದ್ದವಿದ್ದು ಮೇಜಿನ ಮೇಲೆ ಅಡ್ಡಲಾಗಿ ಮಲಗಿದ್ದರೆ ಗುರುತ್ವ ಅದಕ್ಕೆ ಲೆಕ್ಕಕ್ಕೇ ಇಲ್ಲ. ಲ್ಯಾಪ್‌ಟಾಪಿನಲ್ಲಿರುವ ಪುಡಿಲೋಹದ ವಿಕ್‌ಗಳ ರಂಧ್ರ ಇದಕ್ಕಿಂತಲೂ ಸಣ್ಣದು. ಅಂಥದ್ದನ್ನು ಸೂಕ್ಷ್ಮಗುರುತ್ವಕ್ಕೆ ಹೊತ್ತೊಯ್ಯುವುದು ನನ್ನ ಮಟ್ಟಿಗೆ ವ್ಯರ್ಥ. ನೆಲದಲ್ಲಿ ಸಿಕ್ಕ ಸಂಖ್ಯೆಯೇ ಅಲ್ಲೂ ಸಿಗುತ್ತದೆ.

ಇನ್ನು ಉಪಗ್ರಹಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ, ಉದ್ದಕ್ಕೂ ತೋಡು ಕೊರೆದ ಅಲ್ಯೂಮಿನಿಯಂ-ಅಮೋನಿಯಾ ಪೈಪ್. ತೋಡಿನ ಬಾಯಿ 0.6 ಮಿ.ಮೀ. ಎಂದುಕೊಳ್ಳಿ, ತೋಡಿಗೆ ಆ ಅಗಲವೇ ಪರಿಣಾಮಕಾರಿ ತ್ರಿಜ್ಯ. 20 ಡಿಗ್ರಿಯಲ್ಲಿ ಅಮೋನಿಯಾದ ಮೇಲ್ಮೈ ಎಳೆತ ಮೀಟರಿಗೆ 0.021 ನ್ಯೂಟನ್ ಮಾತ್ರ. ಎಳೆತದ ಒತ್ತಡ 70 ಪಾಸ್ಕಲ್ ಚಿಲ್ಲರೆ, ಎತ್ತರ ಸುಮಾರು 12 ಮಿ.ಮೀ. ಒಂದು ಮೀಟರ್ ಉದ್ದದ ಪೈಪಿನ ಬಿಸಿ ತುದಿ ಅಷ್ಟು ಮೇಲೆದ್ದರೂ ಸಾಕು, ದ್ರವ ವಾಪಸ್ ಬರುವುದು ನಿಂತೇ ಹೋಗುತ್ತದೆ. ಇಂಥ ಸಾಧನಕ್ಕೆ ಗುರುತ್ವ ಪರಮ ಶತ್ರು. ಅಂದರೆ ಪರೀಕ್ಷೆಗೆ ಅರ್ಥವಿದೆ.

ಮೂರನೆಯ ಬಗೆ, ಈ ಲೇಖನದಲ್ಲಿ ಉದ್ದಕ್ಕೂ ಇಟ್ಟುಕೊಳ್ಳುವ ಉದಾಹರಣೆ, ವಿಕ್ ಇಲ್ಲದ ಪಲ್ಸೇಟಿಂಗ್ ಹೀಟ್ ಪೈಪ್. ಸಣ್ಣ ಕೊಳವೆಯನ್ನು ಹಾವಿನಂತೆ ಮಡಚಿ ಅರ್ಧ ದ್ರವ ತುಂಬಿದರೆ, ದ್ರವದ ತುಂಡುಗಳು ಮತ್ತು ಆವಿಯ ಗುಳ್ಳೆಗಳು ಒಂದರ ಹಿಂದೊಂದು ಸಾಲಾಗಿ ನಿಂತು ಹಿಂದೆಮುಂದೆ ಓಡಾಡುತ್ತ ಶಾಖ ಸಾಗಿಸುತ್ತವೆ. ದ್ರವ ಹೀಗೆ ತುಂಡುತುಂಡಾಗಿ ನಿಲ್ಲಬೇಕಾದರೆ ಕೊಳವೆಯ ಒಳವ್ಯಾಸ ಒಂದು ಮಿತಿಯೊಳಗಿರಬೇಕು. ಮೇಲ್ಮೈ ಎಳೆತವನ್ನು ಗುರುತ್ವ ಮತ್ತು ಸಾಂದ್ರತೆಯ ವ್ಯತ್ಯಾಸದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಆ ಮಿತಿ ಸಿಗುತ್ತದೆ. ಎಫ್‌ಸಿ-72 ಎಂಬ ಫ್ಲೋರಿನ್ ದ್ರವಕ್ಕೆ ಭೂಮಿಯ ಮೇಲೆ ಇದು ಸುಮಾರು 1.6 ಮಿ.ಮೀ. ಗುರುತ್ವ ನೂರರಲ್ಲಿ ಒಂದು ಪಾಲಾದರೆ ಮಿತಿ ಹತ್ತು ಪಟ್ಟಾಗುತ್ತದೆ. ಹಾಗಾಗಿ 3 ಮಿ.ಮೀ. ಕೊಳವೆ ನೆಲದಲ್ಲಿ ಬರೀ ಥರ್ಮೋಸೈಫನ್: ದ್ರವ ಕೆಳಗೆ, ಆವಿ ಮೇಲೆ. ಸೂಕ್ಷ್ಮಗುರುತ್ವದಲ್ಲಿ ಅದೇ ಕೊಳವೆ ಬೇರೊಂದು ಸಾಧನವಾಗುತ್ತದೆ. ಯುರೋಪಿನಲ್ಲಿ ಇಂಥ ದೊಡ್ಡ ವ್ಯಾಸದ ಕೊಳವೆಗಳನ್ನು ಪ್ಯಾರಾಬೋಲಿಕ್ ವಿಮಾನಗಳಲ್ಲಿ (ಬಿಲ್ಲಿನಾಕಾರದಲ್ಲಿ ಏರಿಳಿದು ಕೆಲವು ಸೆಕೆಂಡು ತೂಕರಹಿತ ಸ್ಥಿತಿ ಕೊಡುವ ವಿಮಾನಗಳು) ಪರೀಕ್ಷಿಸಿದ್ದು ಈ ಕಾರಣಕ್ಕೇ.

ಲೆಕ್ಕ ಇಷ್ಟು ಚೆನ್ನಾಗಿ ಬರುವಾಗ ಪ್ರಯೋಗ ಯಾಕೆ ಎನ್ನುವವರಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸಿವಿಬಿ (ಕನ್‌ಸ್ಟ್ರೇನ್ಡ್ ವೇಪರ್ ಬಬಲ್) ಪ್ರಯೋಗ ತಕ್ಕ ಉತ್ತರ. ಅಮೆರಿಕದ ರೆನ್ಸೆಲಿಯರ್ ಪಾಲಿಟೆಕ್ನಿಕ್‌ನ ಪೀಟರ್ ವೇನರ್ ಮತ್ತು ಜೋಯೆಲ್ ಪ್ಲಾಸ್ಕಿ ತಂಡ ಒಳಗೆ 3 ಮಿ.ಮೀ. ಚೌಕದ ಪಾರದರ್ಶಕ ಸಿಲಿಕಾ ಕೊಳವೆಗೆ ಪೆಂಟೇನ್ ತುಂಬಿ ಕಳಿಸಿತ್ತು. ವಿಕ್ ಇಲ್ಲ, ಚೌಕದ ನಾಲ್ಕು ಮೂಲೆಗಳೇ ದ್ರವ ಎಳೆಯುವ ದಾರಿ. ಶಾಖ ಹೆಚ್ಚಿಸುತ್ತ ಹೋದರೆ ಬಿಸಿ ತುದಿ ಒಣಗುತ್ತದೆ ಎಂದು ಎಲ್ಲರ ಎಣಿಕೆ. ಆದದ್ದು ತಿರುಗುಮುರುಗು: ಬಿಸಿ ತುದಿಯ ಬಳಿಯೇ ದ್ರವ ತುಂಬಿ ನಿಂತಿತು. ಬಿಸಿಯಾದ ಕಡೆ ಮೇಲ್ಮೈ ಎಳೆತ ಕಡಿಮೆ, ತಣ್ಣಗಿರುವ ಕಡೆ ಹೆಚ್ಚು. ಆ ವ್ಯತ್ಯಾಸ ದ್ರವದ ಮೇಲ್ಪದರವನ್ನು ತಂಪು ತುದಿಯತ್ತ ಎಳೆಯುತ್ತದೆ, ಮೂಲೆಗಳು ಬಿಸಿ ತುದಿಯತ್ತ ಎಳೆಯುತ್ತವೆ. ಎರಡೂ ಎದುರಾದ ಜಾಗದಲ್ಲಿ ದ್ರವ ಶೇಖರವಾಯಿತು. ನೆಲದಲ್ಲಿ ಈ ಜಗಳ ಗುರುತ್ವದ ಮರೆಯಲ್ಲಿ ಅಡಗಿರುತ್ತದೆ. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಬರುವವರೆಗೆ ವಿನ್ಯಾಸದ ಸೂತ್ರಗಳಲ್ಲಿ ಬಹುತೇಕ ಯಾರೂ ಅದಕ್ಕೆ ಜಾಗ ಕೊಟ್ಟಿರಲಿಲ್ಲ.

2. ನಿಮ್ಮ ಸಾಧನಕ್ಕೆ ಎಷ್ಟು ಸಮಯ ಬೇಕು?

ಈ ಹಂತವನ್ನು ಬಿಟ್ಟವರೇ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಸಾಧನದ ಒಳಗೆ ದ್ರವ ಜಾಗ ಬದಲಿಸಲು ಒಂದೆರಡು ಸೆಕೆಂಡು ಸಾಕು. ಆದರೆ ಆ ಬದಲಾವಣೆ ಲೋಹದ ತಾಪಮಾನವಾಗಿ, ತಂತಿಯಂಥ ಸೆನ್ಸರ್ ಆದ ಥರ್ಮೋಕಪಲ್‌ನಲ್ಲಿ ಕಾಣಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಲೋಹದ ತೂಕದ ಮೇಲೆ ನಿಂತಿದೆ. ಬಿಸಿ ತುದಿಯ ಶಾಖಧಾರಣೆಯನ್ನು (ಒಂದು ಡಿಗ್ರಿ ಏರಿಸಲು ಬೇಕಾದ ಶಾಖ) ಸಾಧನದ ಉಷ್ಣರೋಧದಿಂದ (ಒಂದು ವ್ಯಾಟ್ ಸಾಗಿಸಲು ಎರಡು ತುದಿಗಳ ನಡುವೆ ಬೇಕಾದ ತಾಪಮಾನದ ವ್ಯತ್ಯಾಸ) ಗುಣಿಸಿದರೆ ಕಾಲಾಂಕ ಸಿಗುತ್ತದೆ, ಎಂದರೆ ತಾಪಮಾನ ಹೊಸ ಸ್ಥಿತಿಯತ್ತ ನೂರಕ್ಕೆ 63ರಷ್ಟು ದಾರಿ ನಡೆಯಲು ಹಿಡಿಯುವ ಸಮಯ.

ಬಿಸಿ ತುದಿಗೆ 100 ಗ್ರಾಂ ತಾಮ್ರದ ಗಟ್ಟಿ ಕಟ್ಟಿದ್ದೀರಿ ಎನ್ನಿ. ಶಾಖಧಾರಣೆ ಡಿಗ್ರಿಗೆ 38.5 ಜೂಲ್. ಉಷ್ಣರೋಧ ವ್ಯಾಟಿಗೆ 0.8 ಡಿಗ್ರಿ ಇದ್ದರೆ ಕಾಲಾಂಕ 31 ಸೆಕೆಂಡು. ಪ್ಯಾರಾಬೋಲಿಕ್ ವಿಮಾನ ಕೊಡುವುದು 22 ಸೆಕೆಂಡು. ಅಷ್ಟರಲ್ಲಿ ತಾಪಮಾನ ಹೊಸ ಸ್ಥಿತಿಯತ್ತ ಅರ್ಧ ದಾರಿ ಮಾತ್ರ ನಡೆದಿರುತ್ತದೆ. ಆ ಅರ್ಧ ದಾರಿಯ ಸಂಖ್ಯೆಯನ್ನೇ "ಸೂಕ್ಷ್ಮಗುರುತ್ವದ ಉಷ್ಣರೋಧ" ಎಂದು ಬರೆದರೆ ಅದು ತಪ್ಪು. ಅದೇ ಗಟ್ಟಿಯನ್ನು 20 ಗ್ರಾಮಿಗೆ ಇಳಿಸಿ, ಕಾಲಾಂಕ 6 ಸೆಕೆಂಡಿಗೆ ಬರುತ್ತದೆ, 22 ಸೆಕೆಂಡಿನಲ್ಲಿ ನೂರಕ್ಕೆ 97ರಷ್ಟು ದಾರಿ ಮುಗಿದಿರುತ್ತದೆ. ವಿಮಾನ ಬದಲಿಸುವುದಕ್ಕಿಂತ ತಾಮ್ರ ಕೆತ್ತುವುದು ಅಗ್ಗ.

ಕೆತ್ತುವಾಗ ಒಂದು ಎಚ್ಚರ. ಗಟ್ಟಿ ತೀರಾ ತೆಳುವಾದರೆ ಹೀಟರಿನ ಶಾಖ ಕೊಳವೆಯ ಸುತ್ತ ಸಮನಾಗಿ ಹರಡುವುದಿಲ್ಲ, ಒಂದು ಕಡೆ ಸುಟ್ಟು ಇನ್ನೊಂದು ಕಡೆ ತಣ್ಣಗಿರುತ್ತದೆ. ಕೊಳವೆಗೇ ತೆಳು ಹೀಟರ್ ತಂತಿಯನ್ನು ಒತ್ತಾಗಿ ಸುತ್ತುವುದು ಸಾಮಾನ್ಯವಾಗಿ ಒಳ್ಳೆಯ ರಾಜಿ.

3. ಈಗ ವೇದಿಕೆ ಆರಿಸಿ

ಸಾಧನವನ್ನು ಎತ್ತರದಿಂದ ಬೀಳಬಿಡುವ ಡ್ರಾಪ್ ಟವರ್ ಕೊಡುವುದು ಕೆಲವೇ ಸೆಕೆಂಡು, ಆದರೆ ಗುಣಮಟ್ಟ ಅತ್ಯುತ್ತಮ. ಮದ್ರಾಸ್ ಐಐಟಿಯಲ್ಲಿ 2.5 ಸೆಕೆಂಡಿನ ಗೋಪುರವಿದೆ. ಜರ್ಮನಿಯ ಬ್ರೆಮೆನ್‌ನ 146 ಮೀಟರ್ ಗೋಪುರದಲ್ಲಿ ನಿರ್ವಾತದೊಳಗೆ ಬಿಟ್ಟರೆ 4.7 ಸೆಕೆಂಡು, ಕೆಳಗಿನಿಂದ ಕವಣೆಯಂತೆ ಚಿಮ್ಮಿಸಿದರೆ 9.3 ಸೆಕೆಂಡು. ನಾಸಾದ ಗ್ಲೆನ್ ಕೇಂದ್ರದಲ್ಲಿ 132 ಮೀಟರ್ ಬೀಳುವ ದಾರಿ, 5.18 ಸೆಕೆಂಡು. ಉಳಿಯುವ ಗುರುತ್ವ ಲಕ್ಷದಲ್ಲಿ, ಹತ್ತು ಲಕ್ಷದಲ್ಲಿ ಒಂದು ಪಾಲು. ದ್ರವ ಹೇಗೆ ಹರಡುತ್ತದೆ, ಗುಳ್ಳೆ ಹೇಗೆ ಬೆಳೆಯುತ್ತದೆ ಎಂದು ಹೈಸ್ಪೀಡ್ ಕ್ಯಾಮೆರಾದಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಉಷ್ಣರೋಧ ಅಳೆಯಲು ಇದು ಜಾಗವಲ್ಲ. ಬ್ರೆಮೆನ್‌ನಲ್ಲಿ ಕೊನೆಗೆ ಕ್ಯಾಪ್ಸೂಲ್ ಥರ್ಮೊಕೋಲ್ ಕಾಳು ತುಂಬಿದ ತೊಟ್ಟಿಗೆ ಬೀಳುವಾಗ ಗುರುತ್ವದ ಹತ್ತಾರು ಪಟ್ಟು ಹೊಡೆತ ಬೀಳುತ್ತದೆ ಎನ್ನುವುದೂ ನೆನಪಿರಲಿ. ಗಾಜಿನ ಕೊಳವೆಯ ಬೆಸುಗೆಗಳು ಅದನ್ನು ತಡೆಯಬೇಕು.

ಪ್ಯಾರಾಬೋಲಿಕ್ ವಿಮಾನದಲ್ಲಿ ನೀವೂ ಸಾಧನದ ಜೊತೆ ಹಾರುತ್ತೀರಿ. ಫ್ರಾನ್ಸಿನ ಬೋರ್ಡೋದಿಂದ ಹಾರುವ ನೋವೆಸ್ಪಾಸ್ ಸಂಸ್ಥೆಯ ಎ310 ಝೀರೋ-ಜಿ ವಿಮಾನ ಒಂದು ಹಾರಾಟದಲ್ಲಿ 31 ಪ್ಯಾರಾಬೋಲ ಮಾಡುತ್ತದೆ. ಪ್ರತಿಯೊಂದರಲ್ಲೂ ಸುಮಾರು 20 ಸೆಕೆಂಡು 1.8 ಜಿ (ಭೂಮಿಯ ಗುರುತ್ವದ 1.8 ಪಟ್ಟು), ನಂತರ 22 ಸೆಕೆಂಡು ತೂಕರಹಿತ ಸ್ಥಿತಿ, ಮತ್ತೆ 20 ಸೆಕೆಂಡು 1.8 ಜಿ. ಉಳಿಯುವ ಗುರುತ್ವ ನೂರರಲ್ಲಿ ಒಂದೆರಡು ಪಾಲು, ಅದೂ ಅಲುಗಾಡುತ್ತಲೇ ಇರುತ್ತದೆ. ನಮ್ಮ 3 ಮಿ.ಮೀ. ಕೊಳವೆಗೆ ಇಷ್ಟು ಧಾರಾಳ ಸಾಕು, ಏಕೆಂದರೆ ಗುರುತ್ವ 0.02 ಜಿ ಇದ್ದರೂ ಎಫ್‌ಸಿ-72ರ ಮಿತಿ ವ್ಯಾಸ 10 ಮಿ.ಮೀ. ದಾಟಿರುತ್ತದೆ. ತೋಡಿನ ಅಮೋನಿಯಾ ಪೈಪಿಗೆ ಈ ಅಲುಗಾಟ ತೊಂದರೆ ಕೊಡುತ್ತದೆ. ಪೈಪ್ ವಿಮಾನದ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ಎನ್ನುವುದರ ಮೇಲೂ ಫಲಿತಾಂಶ ಬದಲಾಗಬಹುದು.

ಕಕ್ಷೆ ಸೇರದೆ ಮೇಲೇರಿ ವಾಪಸ್ ಬೀಳುವ ಸೌಂಡಿಂಗ್ ರಾಕೆಟ್ ನಿಮಿಷಗಳ ಲೆಕ್ಕ. ಸ್ವೀಡನ್ನಿನ ಕಿರೂನಾ ಬಳಿಯ ಎಸ್ರೇಂಜ್‌ನಿಂದ ಏರುವ ಟೆಕ್ಸಸ್ ರಾಕೆಟ್ಟುಗಳು ಸುಮಾರು 6 ನಿಮಿಷ ಕೊಡುತ್ತವೆ. 31 ಸೆಕೆಂಡಿನ ಕಾಲಾಂಕವಿದ್ದ ಆ ದಪ್ಪ ಗಟ್ಟಿಯೂ ಇಲ್ಲಿ ಎರಡು ಮೂರು ಪವರ್ ಮಟ್ಟಗಳಲ್ಲಿ ಸ್ಥಿರವಾಗುತ್ತದೆ. ರಾಕೆಟ್ ಮೇಲೇರುವಾಗ ಸುತ್ತುತ್ತಿರುತ್ತದೆ, ತೂಕರಹಿತ ಹಂತಕ್ಕೆ ಮೊದಲು ಆ ಸುತ್ತು ನಿಲ್ಲಬೇಕು. ನಿಲ್ಲದಿದ್ದರೆ ಏನಾಗುತ್ತದೆ? ಸೆಕೆಂಡಿಗೆ 3 ಸುತ್ತು, ಅಕ್ಷದಿಂದ 10 ಸೆಂ.ಮೀ. ದೂರ ಎಂದರೆ 3.6 ಜಿ! ನಿಮ್ಮ ಸಾಧನವನ್ನು ಅಕ್ಷದ ಮೇಲೆ, ಸಾಧ್ಯವಾದಷ್ಟು ನಡುವೆ ಕೂರಿಸಲು ಪಟ್ಟು ಹಿಡಿಯಿರಿ.

ಗಂಟೆ, ದಿನಗಳ ಲೆಕ್ಕ ಬೇಕಾದವರಿಗೆ ಕಕ್ಷೆಯೇ ಗತಿ. ಅದರ ಮಾತು ಕೊನೆಯಲ್ಲಿ.

4. ತುಂಬುವುದು: ಅರ್ಧ ಪರೀಕ್ಷೆ ಇಲ್ಲೇ ಕೆಡುತ್ತದೆ

ಕೊಳವೆಯನ್ನು ಅಸಿಟೋನ್‌ನಲ್ಲಿ ತೊಳೆದು, ಬಿಸಿ ಮಾಡುತ್ತ ನಿರ್ವಾತ ಎಳೆದು, ಹೀಲಿಯಂ ಲೀಕ್ ಡಿಟೆಕ್ಟರಿನಲ್ಲಿ ಪ್ರತಿ ಬೆಸುಗೆಯನ್ನೂ ನೋಡಿ. ಇದು ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ದ್ರವದೊಳಗಿನ ಗಾಳಿಯನ್ನು. ಎಫ್‌ಸಿ-72 ತನ್ನ ಗಾತ್ರದ ಅರ್ಧದಷ್ಟು ಗಾಳಿಯನ್ನು ಕರಗಿಸಿಕೊಂಡಿರುತ್ತದೆ. ಅದನ್ನು ತೆಗೆಯದೆ ತುಂಬಿದರೆ ಗಾಳಿ ತಂಪು ತುದಿಯಲ್ಲಿ ಕೂತು ಆವಿಗೆ ಜಾಗ ಕೊಡುವುದಿಲ್ಲ. ದ್ರವವನ್ನು ದ್ರವ ಸಾರಜನಕದಲ್ಲಿ ಗಡ್ಡೆಕಟ್ಟಿಸಿ, ಮೇಲಿನ ಗಾಳಿ ಪಂಪಿನಿಂದ ಎಳೆದು, ಕರಗಿಸಿ, ಮತ್ತೆ ಗಡ್ಡೆಕಟ್ಟಿಸಿ. ಒತ್ತಡದ ಮುಳ್ಳು ಪ್ರತಿ ಬಾರಿಯೂ ಒಂದೇ ಕಡೆ ನಿಲ್ಲುವವರೆಗೆ ಹೀಗೆ ಮಾಡಬೇಕು.

ಎಷ್ಟು ತುಂಬಿತು ಎಂಬುದನ್ನು ಸಿರಿಂಜಿನ ಗೆರೆ ನೋಡಿ ಹೇಳಬೇಡಿ, ತೂಕ ಮಾಡಿ. ಒಳವ್ಯಾಸ 3 ಮಿ.ಮೀ., ಒಟ್ಟು ಉದ್ದ 2.5 ಮೀಟರ್ ಇರುವ ಕೊಳವೆಯ ಒಳಗಾತ್ರ 17.7 ಮಿ.ಲೀ. ಅರ್ಧ ತುಂಬಲು 8.8 ಮಿ.ಲೀ., ಎಂದರೆ ಸುಮಾರು 15 ಗ್ರಾಂ ದ್ರವ. ನೂರರಲ್ಲೊಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಖಾಲಿ ಕೊಳವೆ, ತುಂಬಿದ ಕೊಳವೆ, ತುಂಬುವ ನಳಿಕೆಯನ್ನು ಹಿಸುಕಿ ಮುಚ್ಚಿದ ಮೇಲಿನ ಕೊಳವೆ, ಮೂರನ್ನೂ ತೂಗಿ ಬರೆದಿಡಿ. ಹಾರಾಟದಿಂದ ಬಂದ ಮೇಲೆ ಮತ್ತೊಮ್ಮೆ ತೂಗಿ. ತೂಕ ಕಡಿಮೆಯಾಗಿದ್ದರೆ ದತ್ತಾಂಶಕ್ಕೆ ಬೆಲೆಯಿಲ್ಲ.

ಗಾಳಿ ಉಳಿದಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಸಾಧನವನ್ನು ರಾತ್ರಿಯಿಡೀ 25 ಡಿಗ್ರಿಯ ಪೆಟ್ಟಿಗೆಯಲ್ಲಿಡಿ. ಶುದ್ಧ ಎಫ್‌ಸಿ-72ರ ಆವಿಯೊತ್ತಡ ಆಗ 31 ಕಿಲೋಪಾಸ್ಕಲ್ ಹತ್ತಿರ ಇರಬೇಕು. 34 ತೋರಿಸಿದರೆ ಹೆಚ್ಚಿನ 3 ಕಿಲೋಪಾಸ್ಕಲ್ ಗಾಳಿಯದು. ಒಂದು ಡಿಗ್ರಿಗೆ ಒತ್ತಡ ಒಂದೂಕಾಲು ಕಿಲೋಪಾಸ್ಕಲ್ ಬದಲಾಗುವುದರಿಂದ ತಾಪಮಾನವನ್ನು ಕಾಲು ಡಿಗ್ರಿಯೊಳಗೆ ಅಳೆಯದೆ ಈ ತೀರ್ಮಾನಕ್ಕೆ ಬರಬೇಡಿ.

5. ಸೆನ್ಸರ್‌ಗಳು

ಟಿ-ಟೈಪ್ ಥರ್ಮೋಕಪಲ್ ಸಾಕು, ತಂತಿ ತೆಳುವಾಗಿರಲಿ. ತಂತಿ, ಕನೆಕ್ಟರ್, ಡೇಟಾ ಲಾಗರ್ ಎಲ್ಲವನ್ನೂ ಸೇರಿಸಿಯೇ ತಾಪಮಾನ ಸ್ಥಿರವಾಗಿರುವ ಒಂದು ದ್ರವದ ಬಾತ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ. ಬಿಡಿಬಿಡಿಯಾಗಿ ಮಾಡಿದರೆ ಕನೆಕ್ಟರಿನ ದೋಷ ಒಳಗೇ ಉಳಿಯುತ್ತದೆ. ತಾಪಮಾನ ಸೆಕೆಂಡಿಗೆ 10 ಬಾರಿ, ಒಳಗಿನ ಒತ್ತಡ ಸೆಕೆಂಡಿಗೆ 200 ಬಾರಿಯಾದರೂ ದಾಖಲಾಗಲಿ. ದ್ರವದ ಓಡಾಟ ಮೊದಲು ಹೇಳುವುದು ಒತ್ತಡವೇ, ತಾಪಮಾನ ನಿಧಾನದ ಸಾಕ್ಷಿ.

ವೇಗೋತ್ಕರ್ಷ ಅಳೆಯುವ ಅಕ್ಸೆಲರೋಮೀಟರ್ ನಿಮ್ಮದೇ ಇರಬೇಕು, ಸಾಧನದ ಚೌಕಟ್ಟಿಗೇ ತಿರುಪು ಹಾಕಿ ಬಿಗಿದಿರಬೇಕು, ಅದೇ ಲಾಗರಿಗೆ ಸೇರಿರಬೇಕು. ವಿಮಾನದವರು ತಮ್ಮ ದತ್ತಾಂಶ ಕೊಡುತ್ತಾರೆ ಎಂದು ನಂಬಿ ಕೂತರೆ ಆಮೇಲೆ ಎರಡು ಗಡಿಯಾರಗಳನ್ನು ಹೊಂದಿಸುವುದರಲ್ಲೇ ವಾರ ಹೋಗುತ್ತದೆ.

6. ನೆಲದ ಮೇಲಿನ ಪರೀಕ್ಷೆ

ಮೊದಲು ಖಾಲಿ ಕೊಳವೆ. ದ್ರವವಿಲ್ಲದೆ, ಇನ್ಸುಲೇಶನ್ ಸುತ್ತಿ, ಹೀಟರಿಗೆ ಸ್ವಲ್ಪ ಪವರ್ ಕೊಡಿ. ಉದಾಹರಣೆಗೆ 3 ವ್ಯಾಟ್ ಕೊಟ್ಟಾಗ ಬಿಸಿ ತುದಿ ಹೊರಗಿಗಿಂತ 40 ಡಿಗ್ರಿ ಮೇಲೆ ನಿಂತರೆ ನಿಮ್ಮ ನಷ್ಟ ಡಿಗ್ರಿಗೆ 0.075 ವ್ಯಾಟ್. ಮುಂದಿನ ಪ್ರತಿ ಅಳತೆಯಲ್ಲೂ ಇದನ್ನು ಕಳೆಯಬೇಕು. ತುಂಬಿದ ಮೇಲೆ ಹೀಟರ್ ಕೊಟ್ಟದ್ದು, ತಂಪು ತುದಿಯ ನೀರು ಹೊತ್ತೊಯ್ದದ್ದು, ನಷ್ಟವಾದದ್ದು, ಮೂರೂ ನೂರಕ್ಕೆ 5ರೊಳಗೆ ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ.

ಆಮೇಲೆ ಸಾಧನವನ್ನು ಎಲ್ಲ ಭಂಗಿಗಳಲ್ಲಿ ನಡೆಸಿ: ಬಿಸಿ ತುದಿ ಕೆಳಗೆ, ಅಡ್ಡಲಾಗಿ, ಬಿಸಿ ತುದಿ ಮೇಲೆ. ಪವರ್ ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ. ಎರಡೂ ದಾರಿಯಲ್ಲಿ ಒಂದೇ ಸಂಖ್ಯೆ ಬರದಿದ್ದರೆ ಸಾಧನಕ್ಕೆ ಹಿಂದಿನ ಸ್ಥಿತಿಯ ನೆನಪಿದೆ ಎಂದರ್ಥ. ಹಾರಾಟದಲ್ಲೂ ಪವರಿನ ಕ್ರಮ ನೋಡಿಕೊಳ್ಳಬೇಕಾಗುತ್ತದೆ.

ತೋಡಿನ ಅಮೋನಿಯಾ ಪೈಪಿನ ನೆಲದ ಪರೀಕ್ಷೆ ಒಂದು ಕಲೆ. ಉಪಗ್ರಹ ಕಟ್ಟುವವರು ಬಹುಮಟ್ಟಿಗೆ ಇದನ್ನೇ ನೆಚ್ಚಿಕೊಳ್ಳುತ್ತಾರೆ. ಪೈಪನ್ನು ಗ್ರಾನೈಟ್ ಮೇಜಿನ ಮೇಲೆ ಮಟ್ಟ ಮಾಡಿ, ಬಿಸಿ ತುದಿಯನ್ನು 2 ಮಿ.ಮೀ. ಎತ್ತಿ, ಪವರ್ ಹಂತಹಂತವಾಗಿ ಏರಿಸಿ. ಒಂದು ಹಂತದಲ್ಲಿ ಬಿಸಿ ತುದಿಯ ತಾಪಮಾನ ಸ್ಥಿರವಾಗದೆ ಏರುತ್ತಲೇ ಹೋಗುತ್ತದೆ. ಅದೇ ಒಣಗುವ ಬಿಂದು, ತಕ್ಷಣ ಪವರ್ ಕಡಿತ ಮಾಡಿ. 4, 6, 8 ಮಿ.ಮೀ.ಗೂ ಹೀಗೇ ಮಾಡಿ ಗ್ರಾಫ್ ಎಳೆಯಿರಿ. ಓರೆ ಹೆಚ್ಚಿದಂತೆ ಸಾಮರ್ಥ್ಯ ನೇರ ಗೆರೆಯಲ್ಲಿ ಇಳಿಯುತ್ತದೆ. ಆ ಗೆರೆಯನ್ನು ಹಿಂದಕ್ಕೆ, ಓರೆ ಸೊನ್ನೆಯಾಗುವ ಕಡೆಗೆ ಎಳೆದಾಗ ಸಿಗುವ ಸಂಖ್ಯೆ ಸೂಕ್ಷ್ಮಗುರುತ್ವದ ಸಾಮರ್ಥ್ಯದ ಅಂದಾಜು.

ಸೊನ್ನೆ ಓರೆಯಲ್ಲೇ ನೇರವಾಗಿ ಅಳೆದರಾಗದೇ? ಆಗದು. ಮಟ್ಟವಾಗಿ ಮಲಗಿದ ಪೈಪಿನಲ್ಲಿ ಹೆಚ್ಚಿನ ಅಮೋನಿಯಾ ತಳದಲ್ಲಿ ಮಡುಗಟ್ಟುತ್ತದೆ, ಆ ಮಡುವಿನ ಮೂಲಕವೂ ದ್ರವ ಬಿಸಿ ತುದಿಗೆ ಹರಿದು ಬರುತ್ತದೆ. ಸಾಮರ್ಥ್ಯ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕಕ್ಷೆಯಲ್ಲಿ ಆ ಮಡು ಇರುವುದಿಲ್ಲ. ಅದೇ ಹೆಚ್ಚಿನ ದ್ರವ ತಂಪು ತುದಿಯಲ್ಲಿ ಅಡಚಣೆಯಾಗಿ ಕೂತು ಅಷ್ಟು ಭಾಗವನ್ನು ನಿರುಪಯೋಗಿ ಮಾಡುತ್ತದೆ. ಗ್ರಾಫಿನಲ್ಲಿ ಸೊನ್ನೆಯ ಹತ್ತಿರ ಗೆರೆ ಮೇಲಕ್ಕೆ ಬಾಗಿದರೆ ಅದು ಮಡುವಿನ ಗುರುತು. ಆ ಬಿಂದುಗಳನ್ನು ಬಿಟ್ಟು ಉಳಿದವುಗಳಿಂದ ಗೆರೆ ಎಳೆಯಿರಿ.

7. ಹೊರಗಿನ ಗಾಳಿಯೂ ಬದಲಾಗುತ್ತದೆ

ಇದು ಬಹಳ ಜನರನ್ನು ಮೋಸಗೊಳಿಸುವ ವಿಷಯ. ಬಿಸಿ ಗಾಳಿ ಮೇಲೇರುವುದು ಗುರುತ್ವ ಇರುವುದರಿಂದ. ವಿಮಾನದ ಕ್ಯಾಬಿನ್ನಿನಲ್ಲಿ ತೂಕರಹಿತ ಸ್ಥಿತಿ ಬಂದ ಕೂಡಲೇ ನಿಮ್ಮ ಸಾಧನದ ಹೊರಮೈಯ ಸಹಜ ಗಾಳಿಯಾಟವೂ ಕುಂಠಿತವಾಗುತ್ತದೆ. ತಂಪು ತುದಿಗೆ ಬರೀ ಅಲ್ಯೂಮಿನಿಯಂ ಫಿನ್ ಹಾಕಿ ಬಿಟ್ಟಿದ್ದರೆ ಅದು ಬಿಸಿಯಾಗುತ್ತದೆ. ಒಳಗಿನ ಸಾಧನ ಕೆಟ್ಟಿತು ಎಂದು ನೀವು ಬರೆಯುತ್ತೀರಿ. ಫ್ಯಾನ್ ಅಥವಾ ಪಂಪಿನ ನೀರು ಕಡ್ಡಾಯ. ಬಿಸಿ ತುದಿಗೆ ದಪ್ಪ ಇನ್ಸುಲೇಶನ್ ಇರಲಿ. ಉಪಗ್ರಹಕ್ಕೆ ಹೋಗುವ ಸಾಧನವಾದರೆ ನೆಲದಲ್ಲೇ ಥರ್ಮೋವ್ಯಾಕ್ ಚೇಂಬರಿನಲ್ಲಿ (ಗಾಳಿ ತೆಗೆದು ಬಿಸಿ-ತಂಪು ಮಾಡುವ ಕೋಣೆ) ನಡೆಸಿ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಇಡೀ ಉಪಗ್ರಹವೇ ಹಿಡಿಸುವಷ್ಟು ದೊಡ್ಡ ಚೇಂಬರುಗಳಿವೆ, ಚಿಕ್ಕ ಸಾಧನಕ್ಕೆ ಕಾಲೇಜಿನ ನಿರ್ವಾತದ ಪಾತ್ರೆಯೂ ಆದೀತು.

8. ಸುರಕ್ಷತೆಯ ಕಾಗದಪತ್ರ

ಬೇಸರದ ಕೆಲಸ, ಆದರೆ ಬಹುತೇಕ ಯೋಜನೆಗಳು ತಡವಾಗುವುದು ಇಲ್ಲೇ. ವಿಮಾನದಲ್ಲಿ ತುರ್ತು ಇಳಿತದ ಲೆಕ್ಕಕ್ಕೆ ನಿಮ್ಮ ಚೌಕಟ್ಟು ಮುಂದಿನ ದಿಕ್ಕಿಗೆ 9 ಜಿ ತಡೆಯುತ್ತದೆ ಎಂದು ತೋರಿಸಬೇಕು. ದ್ರವಕ್ಕೆ ಎರಡನೇ ಆವರಣ ಬೇಕು, ಕೊಳವೆ ಒಡೆದರೂ ಹನಿ ಹೊರಗೆ ಬರಬಾರದು. ಒತ್ತಡದ ಲೆಕ್ಕ ಕೊಡಿ: ಎಫ್‌ಸಿ-72 ನೂರು ಡಿಗ್ರಿಯಲ್ಲಿ ಸುಮಾರು ಮೂರೂವರೆ ಬಾರ್ ಒತ್ತಡ ತೋರುತ್ತದೆ. ಇದು ಬೆಂಕಿ ಹತ್ತುವ ದ್ರವವಲ್ಲ, ಆದರೆ ಅತಿಯಾಗಿ ಕಾದರೆ ಒಡೆದು ವಿಷಾನಿಲ ಬಿಡುತ್ತದೆ. ಆದ್ದರಿಂದ ಹೀಟರಿಗೆ ಸಾಫ್ಟ್‌ವೇರಿನ ಕಟ್-ಆಫ್ ಸಾಲದು, ಕಾದಾಗ ತಾನೇ ಕರೆಂಟ್ ಕಡಿಯುವ ಬೈಮೆಟಲ್ ಥರ್ಮೋಸ್ಟಾಟ್ ಕೂಡ ಇರಬೇಕು. ಅಮೋನಿಯಾವನ್ನು ಜನರಿರುವ ಕ್ಯಾಬಿನ್ನಿಗೆ ಒಯ್ಯುವ ಯೋಚನೆಯನ್ನೇ ಬಿಡಿ.

9. ಹಾರಾಟದ ದಿನ

ವಿಮಾನ ಏರುತ್ತಿರುವಾಗಲೇ ಹೀಟರ್ ಹಾಕಿ, ಮೊದಲ ಪ್ಯಾರಾಬೋಲಕ್ಕೆ ಮೊದಲು ಸಮತಲ ಹಾರಾಟದಲ್ಲಿ ಸಾಧನ ಸ್ಥಿರವಾಗಿರಬೇಕು. ಮೊದಲನೆಯದೊಂದನ್ನು ಬಿಟ್ಟರೆ ಪ್ಯಾರಾಬೋಲಗಳು ಐದರ ಗುಂಪಾಗಿ ಬರುತ್ತವೆ, ಗುಂಪುಗಳ ನಡುವೆ ಕೆಲವು ನಿಮಿಷ ಬಿಡುವು. ಪವರ್ ಬದಲಿಸುವುದೇನಿದ್ದರೂ ಈ ಬಿಡುವಿನಲ್ಲಿ. ಒಂದು ಗುಂಪಿಗೆ ಒಂದೇ ಪವರ್. ಪ್ರತಿ ಪ್ಯಾರಾಬೋಲಕ್ಕೂ ಪವರ್ ಬದಲಿಸಿ "ಹೆಚ್ಚು ಬಿಂದು" ಪಡೆಯುವ ಆಸೆ ಬೇಡ. ಗುಂಪಿನ ಮೊದಲನೆಯದು ಸಾಮಾನ್ಯವಾಗಿ ಉಳಿದ ನಾಲ್ಕರಂತೆ ಇರುವುದಿಲ್ಲ, ಏಕೆಂದರೆ ಅದರ ಹಿಂದೆ ದೀರ್ಘ ಸಮತಲ ಹಾರಾಟ ಇರುತ್ತದೆ, ಉಳಿದವುಗಳ ಹಿಂದೆ ಇನ್ನೊಂದು ಪ್ಯಾರಾಬೋಲ ಇರುತ್ತದೆ.

ಪೈಲಟ್ ಮೂಗು ಮೇಲೆತ್ತುವಾಗ ಸ್ಪೀಕರಿನಲ್ಲಿ ಕೋನ ಕೂಗುತ್ತಾರೆ: ಮೂವತ್ತು, ನಲವತ್ತು, ಆಮೇಲೆ "ಇಂಜೆಕ್ಷನ್", ಎಂದರೆ ತೂಕರಹಿತ ಹಂತದ ಆರಂಭ. ಆ ಹೊತ್ತಿಗೆ ಕೈಯಲ್ಲಿ ಮಾಡಬೇಕಾದ ಕೆಲಸ ಏನೂ ಉಳಿದಿರಬಾರದು. ರೆಕಾರ್ಡಿಂಗ್ ಹಾರಾಟದುದ್ದಕ್ಕೂ ನಿಲ್ಲದೆ ನಡೆಯುತ್ತಿರಲಿ. 1.8 ಜಿಯಲ್ಲಿ ತಲೆ ತಿರುಗಿಸಿ ಸ್ಕ್ರೀನ್ ನೋಡಿದರೆ ಹೊಟ್ಟೆ ತೊಳಸುವುದು ಗ್ಯಾರಂಟಿ, ಹಾಗಾಗಿ ಸ್ಕ್ರೀನನ್ನು ಕಣ್ಣಿನ ನೇರಕ್ಕೇ ಕಟ್ಟಿ. ಇಬ್ಬರು ಹಾರುವುದಾದರೆ ಇಬ್ಬರಿಗೂ ಇಡೀ ಕೆಲಸ ಬರಬೇಕು. ಒಬ್ಬರು ಕಾಗದದ ಚೀಲ ಹಿಡಿದು ಸೀಟಿನಲ್ಲಿ ಕೂರುವ ಸಾಧ್ಯತೆಯನ್ನು ಯೋಜನೆಯಲ್ಲೇ ಸೇರಿಸಿಕೊಳ್ಳಿ.

10. ದತ್ತಾಂಶ ಬಿಡಿಸುವುದು

ಮೊದಲು ಅಕ್ಸೆಲರೋಮೀಟರಿನ ಗೆರೆ ತೆರೆಯಿರಿ. ಮೂರೂ ದಿಕ್ಕಿನಲ್ಲಿ 0.05 ಜಿಗಿಂತ ಕಡಿಮೆ ಇರುವ ಭಾಗವನ್ನು ಮಾತ್ರ ಕತ್ತರಿಸಿಕೊಳ್ಳಿ. ಆ ಭಾಗದ ಮೊದಲ 3-4 ಸೆಕೆಂಡು ಹಿಂದಿನ 1.8 ಜಿಯ ಬಾಕಿ. ದ್ರವ ಆಗಷ್ಟೇ ತಳದಿಂದ ಬಿಡಿಸಿಕೊಳ್ಳುತ್ತಿರುತ್ತದೆ, ಅದನ್ನು ಸ್ಥಿರ ಲೆಕ್ಕಕ್ಕೆ ಸೇರಿಸಬೇಡಿ. ಆದರೆ ಎಸೆಯಲೂ ಬೇಡಿ. 3 ಮಿ.ಮೀ. ಕೊಳವೆಯಲ್ಲಿ ಪದರಪದರವಾಗಿದ್ದ ದ್ರವ ತುಂಡುಗಳಾಗಿ ಜೋಡಣೆಯಾಗುವುದು ಆ ಕ್ಷಣಗಳಲ್ಲೇ. ಒತ್ತಡದ ಗೆರೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ನಂತರ ತಾಪಮಾನ. ಬಿಸಿ ತುದಿ ಇನ್ನೂ ಏರುತ್ತಿದ್ದರೆ ಆ ಏರಿಕೆಯಲ್ಲಿ ಲೋಹ ನುಂಗಿದ ಶಾಖವನ್ನು ಹೀಟರ್ ಪವರಿನಿಂದ ಕಳೆಯಬೇಕು. 20 ಗ್ರಾಂ ತಾಮ್ರ ಸೆಕೆಂಡಿಗೆ ಅರ್ಧ ಡಿಗ್ರಿ ಏರುತ್ತಿದ್ದರೆ ಸುಮಾರು 4 ವ್ಯಾಟ್ ಅದರಲ್ಲೇ ಕೂತಿದೆ. 50 ವ್ಯಾಟಿನ ಪರೀಕ್ಷೆಯಲ್ಲಿ ಇದು ಕಡೆಗಣಿಸುವ ಮೊತ್ತವಲ್ಲ.

ದೋಷದ ಅಂದಾಜನ್ನೂ ಬರೆಯಿರಿ. ತಾಪಮಾನದ ವ್ಯತ್ಯಾಸ 40 ಡಿಗ್ರಿ, ಪ್ರತಿ ಸೆನ್ಸರಿನ ದೋಷ ಅರ್ಧ ಡಿಗ್ರಿ, ಪವರಿನ ದೋಷ ನೂರಕ್ಕೆ 2 ಎಂದಾದರೆ ಉಷ್ಣರೋಧದ ದೋಷ ನೂರಕ್ಕೆ ಮೂರರ ಹತ್ತಿರ. ನೆಲಕ್ಕೂ ಹಾರಾಟಕ್ಕೂ ಇರುವ ವ್ಯತ್ಯಾಸ ಇದರೊಳಗೇ ಇದ್ದರೆ "ಗುರುತ್ವದ ಪರಿಣಾಮ ಅಳತೆಗೆ ಸಿಗಲಿಲ್ಲ" ಎಂದು ಬರೆಯುವುದೇ ಸರಿ. ಅದೂ ಫಲಿತಾಂಶವೇ. ಗುಂಪಿನ ಐದೂ ಪ್ಯಾರಾಬೋಲಗಳನ್ನು ಒಂದರ ಮೇಲೊಂದು ಇಟ್ಟು ಗ್ರಾಫ್ ತೋರಿಸಿ, ಚೆನ್ನಾಗಿ ಬಂದ ಒಂದನ್ನು ಮಾತ್ರ ಆರಿಸಿ ಹಾಕಬೇಡಿ.

11. ಕಕ್ಷೆಗೆ ಹೋಗುವುದಾದರೆ

ಬಾಹ್ಯಾಕಾಶ ನಿಲ್ದಾಣದಲ್ಲಿ ಈ ಬಗೆಯ ದೊಡ್ಡ ಪ್ರಯೋಗಗಳು ನಡೆದಿವೆ: 2019ರಲ್ಲಿ ಯುರೋಪಿನ ರೂಬಿ ಎಂಬ ಕುದಿತದ ಪ್ರಯೋಗ, 2021ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ಮತ್ತು ನಾಸಾ ಸೇರಿ ಕಳಿಸಿದ ಹರಿವು-ಕುದಿತದ ಪ್ರಯೋಗ. ಚಿಕ್ಕ ತಂಡಗಳಿಗೆ ನಮ್ಮಲ್ಲೇ ಇರುವ ದಾರಿ ಇಸ್ರೋದ ಪೊಯೆಮ್. ಉಪಗ್ರಹವನ್ನು ಬಿಟ್ಟ ಮೇಲೆ ಪಿಎಸ್‌ಎಲ್‌ವಿಯ ನಾಲ್ಕನೇ ಹಂತ ಕಕ್ಷೆಯಲ್ಲೇ ಉಳಿದು ಪ್ರಯೋಗಗಳ ವೇದಿಕೆಯಾಗುತ್ತದೆ. 2022ರ ಜೂನ್‌ನಲ್ಲಿ ಶುರುವಾದ ಈ ಸರಣಿಯ ನಾಲ್ಕನೆಯದು 2024ರ ಡಿಸೆಂಬರ್ 30ರಂದು 24 ಪ್ರಯೋಗಗಳನ್ನು ಹೊತ್ತು ಏರಿತು. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಸೂಕ್ಷ್ಮಜೀವಿ ಪ್ರಯೋಗವೂ ಅದರಲ್ಲಿತ್ತು. ಖಾಸಗಿ ಸಂಸ್ಥೆ, ಕಾಲೇಜುಗಳು ಖಾಸಗಿ ಬಾಹ್ಯಾಕಾಶ ಚಟುವಟಿಕೆಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್ ಮೂಲಕ ಅರ್ಜಿ ಹಾಕಬೇಕು.

ಇಲ್ಲಿ ಸಮಯ ಧಾರಾಳ, ಉಳಿದದ್ದೆಲ್ಲ ಬಿಗಿ. ಪವರ್ ಅಳೆದು ಕೊಡುತ್ತಾರೆ, ಡೇಟಾ ಕಡಿಮೆ, ವಿಡಿಯೋದ ಆಸೆ ಕಷ್ಟ. ಆದ್ದರಿಂದ ಅಳತೆ ಬಿಂದುಗಳನ್ನು ಕಡಿಮೆ ಮಾಡಿ, ಪ್ರತಿ ಬಿಂದುವನ್ನೂ ಜೋಡಿಯಾಗಿಡಿ: ಒಂದು ಸೆನ್ಸರ್ ಕೆಟ್ಟರೆ ರಿಪೇರಿಗೆ ಯಾರೂ ಇರುವುದಿಲ್ಲ. ಕಕ್ಷೆಯ ಪ್ರತಿ ಸುತ್ತು ಒಂದೂವರೆ ಗಂಟೆ, ಅದರಲ್ಲಿ ಬಿಸಿಲು ನೆರಳು ಎರಡೂ ಬರುತ್ತವೆ, ಶಾಖವನ್ನು ಬಾಹ್ಯಾಕಾಶಕ್ಕೆ ಬಿಡುವ ರೇಡಿಯೇಟರಿನ ತಾಪಮಾನ ಅದಕ್ಕೆ ತಕ್ಕಂತೆ ಓಲಾಡುತ್ತದೆ. ಕಾಲಾಂಕ ಚಿಕ್ಕದಿದ್ದರೆ ನೆರಳಿನ ಭಾಗದಲ್ಲೇ ಒಂದು ಪರೀಕ್ಷೆ ಮುಗಿಸಿ. ದೊಡ್ಡದಿದ್ದರೆ ತಂಪು ತುದಿಗೂ ಚಿಕ್ಕ ಹೀಟರ್ ಹಾಕಿ ಅದನ್ನು ಒಂದೇ ತಾಪಮಾನದಲ್ಲಿ ಹಿಡಿದಿಡಿ. ದ್ರವವಾಗಿ ನೀರನ್ನು ಆರಿಸಿದವರು ರೇಡಿಯೇಟರ್ ಸೊನ್ನೆಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಅಮೋನಿಯಾ ಹೆಪ್ಪುಗಟ್ಟುವುದು ಮೈನಸ್ 77.7 ಡಿಗ್ರಿಯಲ್ಲಿ, ಆ ಚಿಂತೆ ಕಡಿಮೆ.

ಕಮಾಂಡ್ ಪಟ್ಟಿ ಬರೆಯುವಾಗ ಒಂದು ಮಧ್ಯಮ ಪವರನ್ನು ಗುರುತಿಗಾಗಿ ಇಟ್ಟುಕೊಳ್ಳಿ, ಉದಾಹರಣೆಗೆ 20 ವ್ಯಾಟ್. ಮೊದಲ ದಿನ ಅದನ್ನು ನಡೆಸಿ, ಆಮೇಲೆ ಪ್ರತಿ ವಾರ, ಕೊನೆಯ ದಿನ ಮತ್ತೊಮ್ಮೆ. ಬಿಸಿ ತುದಿ ಮೊದಲಿನ ತಾಪಮಾನದಲ್ಲೇ ಇದ್ದು ತಂಪು ತುದಿಯ ಕೊನೆಯ ಸೆನ್ಸರ್ ಮಾತ್ರ ವಾರದಿಂದ ವಾರಕ್ಕೆ ತಣ್ಣಗಾಗುತ್ತ ಹೋದರೆ, ಒಳಗೆ ಅನಿಲ ಹುಟ್ಟಿ ಅಲ್ಲಿ ಶೇಖರವಾಗುತ್ತಿದೆ ಎಂದು ತಿಳಿಯಿರಿ. ಬಿಸಿ ತುದಿ ಏರಿದ್ದು ಉಳಿದೆಲ್ಲ ಸೆನ್ಸರ್‌ಗಳೂ ಮೊದಲಿನಂತೆಯೇ ಇದ್ದರೆ ಪೈಪಿಗಿಂತ ಮೊದಲು ಹೀಟರ್ ಅಂಟಿಸಿದ ಜಾಗವನ್ನು ಅನುಮಾನಿಸಿ.